ಹೆಸರು ಮೈಸೂರಿನದು, ಸನ್ನದು ಯಾರದು?

2023ರ ಮೇ ತಿಂಗಳಲ್ಲಿ ದೆಹಲಿಯ ಪ್ರಸಾರ ಭಾರತಿಯಿಂದ ಒಂದು ಆದೇಶ ಹೊರಬಿತ್ತು. ಇನ್ನು ಮುಂದೆ ಇಂಗ್ಲಿಷಿನಲ್ಲೂ ‘ಆಲ್ ಇಂಡಿಯಾ ರೇಡಿಯೊ’ ಅನ್ನುವಂತಿಲ್ಲ, ‘ಆಕಾಶವಾಣಿ’ ಎಂದೇ ಹೇಳಬೇಕು ಎಂಬುದು ಅದರ ತಿರುಳು. ಅದಕ್ಕೆ ಆಧಾರವಾಗಿ ತೋರಿಸಿದ್ದು 1990ರ ಪ್ರಸಾರ ಭಾರತಿ ಕಾಯ್ದೆಯನ್ನು. ಆ ಕಾಯ್ದೆಯ ವ್ಯಾಖ್ಯೆಗಳ ಸಾಲಿನಲ್ಲಿ ‘ಆಕಾಶವಾಣಿ’ ಎಂಬ ಪದ ಮೊದಲಿನಿಂದಲೂ ಇದೆ. ತಮಿಳುನಾಡಿನಲ್ಲಿ ಇದಕ್ಕೆ ವಿರೋಧ ಬಂತು. ಅಲ್ಲಿಯವರಿಗೆ ಅದು ಎಂದೂ ಆಕಾಶವಾಣಿಯಲ್ಲ, ‘ವಾನೊಲಿ’. ಮೈಸೂರಿನ ನಮಗೆ ಮಾತ್ರ ಒಳಗೊಳಗೇ ಖುಷಿ. ಯಾಕೆಂದರೆ ಆ ಹೆಸರು ನಮ್ಮ ಊರಿನ ಒಂದು ಮನೆಯಿಂದ ದೇಶಕ್ಕೆ ಹೋದದ್ದು.

ಈ ಕತೆಯನ್ನು ನಾವು ಹೆಮ್ಮೆಯ ಕತೆಯಾಗಿ ಪ್ರತಿ ವರ್ಷ ಹೇಳಿಕೊಳ್ಳುತ್ತೇವೆ. ಸೆಪ್ಟೆಂಬರ್ ಬಂದರೆ ಪತ್ರಿಕೆಗಳಲ್ಲಿ ಒಂದು ಲೇಖನ ಇದ್ದೇ ಇರುತ್ತದೆ. ಆದರೆ ಆ ಕತೆಯನ್ನು ಇನ್ನೊಂದು ತುದಿಯಿಂದಲೂ ಓದಬಹುದು. ಒಂದು ಬಾನುಲಿ ಕೇಂದ್ರ ಯಾಕಾಗಿ ಇದೆ, ಅದರ ಖರ್ಚು ಯಾರದು, ಅದು ಯಾರಿಗೆ ಉತ್ತರ ಕೊಡಬೇಕು ಎಂಬ ಮೂರು ಪ್ರಶ್ನೆಗಳಿವೆಯಲ್ಲ, ಅವು ಮೂರೂ ಮೈಸೂರು ಕೇಂದ್ರದ ಬದುಕಿನಲ್ಲಿ ಮತ್ತೆ ಮತ್ತೆ ಎದ್ದಿವೆ. ಮೊದಲನೆಯದಕ್ಕೆ ಉತ್ತರ ಸುಲಭವಾಗಿ ಸಿಕ್ಕಿದೆ. ಉಳಿದೆರಡಕ್ಕೆ ಇನ್ನೂ ಸರಿಯಾಗಿ ಸಿಕ್ಕಿಲ್ಲ.

ಒಂಟಿಕೊಪ್ಪಲಿನ ಮನೆ

ಡಾ. ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು. ಅವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬಾನುಲಿ ಪ್ರಸಾರ ಶುರುಮಾಡಿದರು. ಮೊದಲ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಮನೆಯ ಹಳೆಯ ಸೀಲಿಂಗ್ ಫ್ಯಾನ್ ಎಳೆಯುವ ಕರೆಂಟಿನ ಅರ್ಧ ಎಂದುಕೊಳ್ಳಿ. ಆಮೇಲೆ ಅದು 250 ವ್ಯಾಟ್ ಆಯಿತು. ಆರಂಭದ ಖರ್ಚು ಪ್ರಾಧ್ಯಾಪಕರ ಜೇಬಿನದೇ.

‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ಅದೇ ಕಾಲೇಜಿನ ಅಧ್ಯಾಪಕ, ಮುಂದೆ ‘ಕೊರವಂಜಿ’ಯ ಬರಹಗಳಿಂದ ಮನೆಮಾತಾದ ನಾ. ಕಸ್ತೂರಿ ಎಂಬುದು ಮೈಸೂರಿನಲ್ಲಿ ರೂಢಿಯ ಮಾತು. ಪುರಾಣ ಕೇಳಿ ಬೆಳೆದ ನಮ್ಮ ಜನಕ್ಕೆ ಅಶರೀರವಾಣಿ ಹೊಸದೇನಲ್ಲ. ಕಂಸನಿಗೆ ಎಚ್ಚರಿಕೆ ಹೇಳಿದ್ದೂ ಅದೇ. ಮುಖ ಕಾಣದೆ ಬರುವ ಮಾತಿಗೆ ಜನರ ಬಾಯಲ್ಲಿ ಆಗಲೇ ಒಂದು ಹೆಸರಿತ್ತು, ಅದನ್ನು ಯಂತ್ರಕ್ಕೆ ತೊಡಿಸಿದರು.

ಆ ಹೊತ್ತಿಗೆ ಬ್ರಿಟಿಷ್ ಇಂಡಿಯಾದಲ್ಲಿ ಬಾನುಲಿಯ ಸ್ಥಿತಿ ಏನಿತ್ತು? 1927ರ ಜುಲೈನಲ್ಲಿ ಮುಂಬೈಯಲ್ಲಿ, ಆಗಸ್ಟ್‌ನಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆ ಪ್ರಸಾರ ಶುರುಮಾಡಿತ್ತು. ಮೂರೇ ವರ್ಷದಲ್ಲಿ, 1930ರಲ್ಲಿ, ಕೈಯಲ್ಲಿ ಕಾಸಿಲ್ಲದೆ ಮುಚ್ಚಿತು. ರೇಡಿಯೊ ಇಟ್ಟುಕೊಂಡವರು ವರ್ಷಕ್ಕೆ 10 ರೂಪಾಯಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಅದರಲ್ಲಿ ಕಂಪನಿಗೆ ಬರುತ್ತಿದ್ದದ್ದು ಶೇಕಡಾ 80. ರೇಡಿಯೊಗಳೇ ಕಡಿಮೆ ಇದ್ದಾಗ ಆ ದುಡ್ಡು ಎಷ್ಟಾದೀತು? ಸರ್ಕಾರ ಅದನ್ನು ಕೈಗೆ ತೆಗೆದುಕೊಂಡಿತು. ಬಿಬಿಸಿಯಿಂದ ಲಯನಲ್ ಫೀಲ್ಡನ್ ಎಂಬವರನ್ನು 1935ರ ಆಗಸ್ಟ್‌ನಲ್ಲಿ ಕರೆಸಿಕೊಂಡಿತು. ‘ಆಲ್ ಇಂಡಿಯಾ ರೇಡಿಯೊ’ ಎಂಬ ಹೆಸರು ಬಿದ್ದದ್ದು 1936ರ ಜೂನ್ 8ರಂದು. ಅಂದರೆ ಗೋಪಾಲಸ್ವಾಮಿಯವರ ಮನೆ ಬಾನುಲಿ ಮಾತಾಡಲು ಶುರುಮಾಡಿ ಒಂಬತ್ತು ತಿಂಗಳಾದ ಮೇಲೆ.

ಸನ್ನದು ಅಂದರೆ ಏನು

ಫೀಲ್ಡನ್ ಬಂದ ಸಂಸ್ಥೆಗೆ ಒಂದು ಸನ್ನದು ಇತ್ತು. ಬಿಬಿಸಿ 1922ರಲ್ಲಿ ರೇಡಿಯೊ ಮಾರುವವರು ಸೇರಿ ಕಟ್ಟಿದ ಕಂಪನಿ. 1927ರ ಜನವರಿ 1ರಿಂದ ಅದು ರಾಜಮುದ್ರೆಯ ಸನ್ನದಿನ ಮೇಲೆ ಸಾರ್ವಜನಿಕ ಸಂಸ್ಥೆಯಾಯಿತು. ಸನ್ನದು ಅಂದರೆ ಗೋಡೆಗೆ ಕಟ್ಟು ಹಾಕಿಸುವ ಕಾಗದವಲ್ಲ. ಸಂಸ್ಥೆ ಯಾವ ಕೆಲಸಕ್ಕೆ ಇದೆ, ಅದನ್ನು ನಡೆಸುವವರು ಯಾರು, ಎಷ್ಟು ವರ್ಷದ ಮಟ್ಟಿಗೆ ಎಂದು ಅದರಲ್ಲಿ ಬರೆದಿರುತ್ತದೆ. ಅವಧಿ ಮುಗಿದಾಗ ದೇಶ ಮತ್ತೆ ಕೂತು ಮಾತಾಡಿ ಹೊಸ ಸನ್ನದು ಬರೆಯಬೇಕು. ದುಡ್ಡು ಕೇಳುಗರ ಲೈಸೆನ್ಸ್ ಶುಲ್ಕದಿಂದ. ಮೊದಲ ಮುಖ್ಯಸ್ಥ ಜಾನ್ ರೀತ್ ಅವರ ಹೆಸರಿನ ಜೊತೆ ಅಂಟಿಕೊಂಡ ಮೂರು ಮಾತುಗಳು: ತಿಳಿಸುವುದು, ಕಲಿಸುವುದು, ರಂಜಿಸುವುದು.

ಮೈಸೂರಿನ ಮನೆ ಬಾನುಲಿಗೆ ಇಂಥ ಸನ್ನದು ಇರಲಿಲ್ಲ. ಒಬ್ಬ ಮೇಷ್ಟ್ರ ಆಸೆ, ಅವರ ಸ್ನೇಹಿತರ ಬಳಗ, ಸಂಸ್ಥಾನದ ನೆಲ, ಇಷ್ಟೇ ಬಂಡವಾಳ. ಸಂಸ್ಥಾನದ ನೆಲ ಎಂಬುದನ್ನು ಮರೆಯಬಾರದು. ಬ್ರಿಟಿಷ್ ಇಂಡಿಯಾದಲ್ಲಿ ತಂತಿ ಮತ್ತು ನಿಸ್ತಂತು ಎರಡೂ 1885ರ ಟೆಲಿಗ್ರಾಫ್ ಕಾಯ್ದೆಯ ಹಿಡಿತದಲ್ಲಿದ್ದವು. ಆ ಹಕ್ಕು ಪೂರ್ತಿ ಸರ್ಕಾರದ್ದು. ದೇಶೀ ಸಂಸ್ಥಾನಗಳ ಮಾತು ಸ್ವಲ್ಪ ಬೇರೆ. ಅದೇ 1935ರಲ್ಲಿ ಬಂದ ಭಾರತ ಸರ್ಕಾರ ಕಾಯ್ದೆಯ 129ನೇ ಕಲಮು, ಪ್ರಾಂತ್ಯವೋ ಸಂಸ್ಥಾನವೋ ತನ್ನದೇ ಟ್ರಾನ್ಸ್‌ಮಿಟರ್ ಕಟ್ಟಲು ಕೇಳಿದರೆ ಕೇಂದ್ರ ಸಕಾರಣವಿಲ್ಲದೆ ಇಲ್ಲವೆನ್ನಬಾರದು ಎಂದು ಹೇಳಿತ್ತು. ಬ್ರಿಟಿಷರು ಬರೆದ ಆ ಕಲಮಿನಷ್ಟು ಅವಕಾಶವನ್ನೂ ಸ್ವತಂತ್ರ ಭಾರತದ ಸಂವಿಧಾನ ರಾಜ್ಯಗಳಿಗೆ ಇಡಲಿಲ್ಲ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 31ನೇ ನಮೂದಿನಲ್ಲಿ ಅಂಚೆ, ತಂತಿ, ದೂರವಾಣಿಗಳ ಜೊತೆಗೇ ಪ್ರಸಾರವೂ ಸೇರಿಕೊಂಡಿತು.

ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ

ಮನೆಯಲ್ಲಿ ಬಾನುಲಿ ನಡೆಸುವುದು ಒಬ್ಬರ ಸಂಬಳದಲ್ಲಿ ಎಷ್ಟು ದಿನ ಸಾಧ್ಯ? ಕೆಲವು ವರ್ಷದಲ್ಲಿ ಮೈಸೂರು ನಗರಸಭೆ ನೆರವಿಗೆ ಬಂತು. 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರ್ಕಾರವೇ ಕೇಂದ್ರವನ್ನು ವಹಿಸಿಕೊಂಡಿತು. ನನಗೆ ಇದರಲ್ಲಿ ಬಹಳ ಕುತೂಹಲ ಹುಟ್ಟಿಸುವುದು ನಗರಸಭೆಯ ಕಾಲ. ನಲ್ಲಿ ನೀರು, ಬೀದಿ ದೀಪ, ಚರಂಡಿ ನೋಡಿಕೊಳ್ಳುವ ಸಂಸ್ಥೆ ಬಾನುಲಿಯನ್ನೂ ಊರಿನ ಒಂದು ಸೌಕರ್ಯ ಎಂದು ತಿಳಿದಿತ್ತು ಅನ್ನುವುದು ಸಣ್ಣ ಮಾತಲ್ಲ. ಇವತ್ತು ನಮ್ಮ ಯಾವ ಪುರಸಭೆಯ ಬಜೆಟ್ಟಿನಲ್ಲಾದರೂ ಅಂಥ ಒಂದು ಸಾಲು ಇದ್ದೀತೇ?

ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಆಲ್ ಇಂಡಿಯಾ ರೇಡಿಯೊದ ಆರು ಕೇಂದ್ರಗಳು ಬಂದವು: ದೆಹಲಿ, ಮುಂಬೈ, ಕಲ್ಕತ್ತ, ಮದ್ರಾಸು, ತಿರುಚಿರಾಪಳ್ಳಿ, ಲಖನೌ. ಈ ಆರರಲ್ಲಿ ಕನ್ನಡ ನಾಡಿನದು ಒಂದೂ ಇಲ್ಲ. ಸಂಸ್ಥಾನಗಳ ಕೈಯಲ್ಲಿ ಬೇರೆ ಐದು ಇದ್ದವು: ಮೈಸೂರು, ತಿರುವನಂತಪುರ, ಹೈದರಾಬಾದ್, ಔರಂಗಾಬಾದ್, ಬರೋಡ. ಕನ್ನಡದ ಬಾನುಲಿ ಅಂದರೆ ಆಗ ಮೈಸೂರೇ. ಧಾರವಾಡ ಕೇಂದ್ರ ಬಂದದ್ದು 1950ರ ಜನವರಿಯಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಮೈಸೂರು ಕೇಂದ್ರ ಆಲ್ ಇಂಡಿಯಾ ರೇಡಿಯೊಗೆ ಸೇರಿತು.

ಐದು ವರ್ಷ ಕಳೆಯಿತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಶುರುವಾಯಿತು, ಮೈಸೂರಿನದು ಅಲ್ಲಿಗೆ ಹೋಯಿತು. ರಾಜಧಾನಿಯಲ್ಲಿ ದೊಡ್ಡ ಕೇಂದ್ರ ಬೇಕು ಎಂಬುದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ಹುಟ್ಟಿಸಲು ಇಲ್ಲಿ ಮುಚ್ಚಲೇಬೇಕಿತ್ತೇ? ಇದನ್ನು ಕೇಳುವ ಹಕ್ಕು ಮೈಸೂರಿನ ಯಾರಿಗೂ ಇರಲಿಲ್ಲ. ನಗರಸಭೆಯ ಕೈಯಲ್ಲಿದ್ದಿದ್ದರೆ ಕೌನ್ಸಿಲರ ಮನೆ ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಸಂಸ್ಥಾನದ ಕೈಯಲ್ಲಿದ್ದಿದ್ದರೆ ಪ್ರಜಾಪ್ರತಿನಿಧಿ ಸಭೆಯಲ್ಲಿ ಅರಿಕೆ ಮಾಡಬಹುದಿತ್ತು. ಈಗ ಅದು ದೆಹಲಿಯ ಸಚಿವಾಲಯದ ಒಂದು ಇಲಾಖೆ. ಇಲಾಖೆ ತನ್ನ ಕಚೇರಿಯನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸಿತು, ಅಷ್ಟೆ.

ಇದರ ವಿಚಿತ್ರ ನೋಡಿ. ಆ ದಶಕದ ಉತ್ತರಾರ್ಧದಲ್ಲೇ ಆಲ್ ಇಂಡಿಯಾ ರೇಡಿಯೊ ‘ಆಕಾಶವಾಣಿ’ ಎಂಬ ಹೆಸರನ್ನು ದೇಶಕ್ಕೆಲ್ಲ ತೆಗೆದುಕೊಂಡಿತು. ಹೆಸರು ಕಾಶ್ಮೀರದ ತನಕ ಮೊಳಗುವಾಗ ಆ ಹೆಸರಿನ ತವರಿನಲ್ಲಿ ಕೇಂದ್ರವೇ ಇಲ್ಲ. ಮೈಸೂರಿಗೆ ಮತ್ತೆ ಕೇಂದ್ರ ಬಂದದ್ದು 1974ರ ನವೆಂಬರಿನಲ್ಲಿ. ಹತ್ತೊಂಬತ್ತು ವರ್ಷ. ಇವತ್ತಿನ ಯಾದವಗಿರಿಯ ಕೇಂದ್ರದ ಬಳಿಯೇ ಆ ವಿಠ್ಠಲ ವಿಹಾರ ಇದ್ದದ್ದು.

ಹೀಗೆ ವಾಪಸು ಬಂದ ಕೇಂದ್ರಕ್ಕೆ ಏಳು ತಿಂಗಳು ತುಂಬಿತ್ತು, 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಆಮೇಲಿನ ಇಪ್ಪತ್ತೊಂದು ತಿಂಗಳು ದೇಶದ ಎಲ್ಲ ಕೇಂದ್ರಗಳೂ ಸರ್ಕಾರ ಹೇಳಿದ್ದನ್ನೇ ಹೇಳಿದವು. ‘ಬಹುಜನ ಹಿತಾಯ ಬಹುಜನ ಸುಖಾಯ’ ಎಂಬ ಧ್ಯೇಯವಾಕ್ಯ ಆಗಲೂ ಇತ್ತು. ಉದ್ದೇಶ ಎಷ್ಟು ಚೆನ್ನಾಗಿ ಬರೆದಿದ್ದರೂ ಅದನ್ನು ಕಾಯುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ನಮ್ಮ ಸನ್ನದು ಬರಲು ಐವತ್ತು ವರ್ಷ

ಬಿಬಿಸಿಯ ಮಾದರಿಯ ಅರೆ ಸ್ವಾಯತ್ತ ಸಂಸ್ಥೆ ಬೇಕು, ಆದರೆ ಸದ್ಯಕ್ಕೆ ಅದು ಆಗದ ಮಾತು ಎಂಬ ಅರ್ಥದಲ್ಲಿ ನೆಹರೂ 1948ರಲ್ಲೇ ಸಂವಿಧಾನ ಸಭೆಯಲ್ಲಿ ಮಾತಾಡಿದ್ದರು. ಆ ‘ಸದ್ಯಕ್ಕೆ’ ಬಹಳ ಉದ್ದವಾಯಿತು. 1966ರಲ್ಲಿ ಎ.ಕೆ. ಚಂದಾ ಸಮಿತಿ ಸ್ವಾಯತ್ತ ನಿಗಮಗಳು ಬೇಕು ಎಂದಿತು. ಕಡತ ಕಪಾಟು ಸೇರಿತು. ತುರ್ತು ಪರಿಸ್ಥಿತಿಯ ಬಿಸಿ ತಟ್ಟಿದ ಮೇಲೆ ಜನತಾ ಸರ್ಕಾರ 1977ರಲ್ಲಿ ಪತ್ರಕರ್ತ ಬಿ.ಜಿ. ವರ್ಗೀಸ್ ನೇತೃತ್ವದಲ್ಲಿ ಇನ್ನೊಂದು ಸಮಿತಿ ಮಾಡಿತು. ಅದು 1978ರಲ್ಲಿ ‘ಆಕಾಶ ಭಾರತಿ’ ಎಂಬ ರಾಷ್ಟ್ರೀಯ ಪ್ರಸಾರ ಟ್ರಸ್ಟ್ ಸೂಚಿಸಿತು. 1979ರಲ್ಲಿ ಮಸೂದೆ ಬಂತು, ಸರ್ಕಾರ ಬಿತ್ತು, ಮಸೂದೆಯೂ ಬಿತ್ತು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದ ಕಾಲದಲ್ಲಿ ಪ್ರಸಾರ ಭಾರತಿ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಆಮೇಲೂ ಏಳು ವರ್ಷ ಅದನ್ನು ಜಾರಿಗೆ ತರಲಿಲ್ಲ.

ನಡುವೆ ಕ್ರಿಕೆಟ್ ಬಂತು. ಪಂದ್ಯ ತೋರಿಸುವ ಹಕ್ಕು ಯಾರದು ಎಂದು ಬಂಗಾಳ ಕ್ರಿಕೆಟ್ ಸಂಸ್ಥೆ ಮತ್ತು ಕೇಂದ್ರದ ನಡುವೆ ಎದ್ದ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿ 9ರಂದು ಕೋರ್ಟು ಹೇಳಿತು: ವಾಯುತರಂಗಗಳು ಸಾರ್ವಜನಿಕರ ಸ್ವತ್ತು, ಅವುಗಳ ಬಳಕೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಅದಕ್ಕೆ ಸ್ವತಂತ್ರ ಪ್ರಾಧಿಕಾರ ಬೇಕು. 1885ರಿಂದ ಸರ್ಕಾರದ ಆಸ್ತಿಯಂತಿದ್ದದ್ದು ಒಂದು ತೀರ್ಪಿನಲ್ಲಿ ಜನರ ಆಸ್ತಿಯಾಯಿತು. ಪ್ರಸಾರ ಭಾರತಿ 1997ರ ನವೆಂಬರ್ 23ರಂದು ಕೊನೆಗೂ ಅಸ್ತಿತ್ವಕ್ಕೆ ಬಂತು.

ಈ ಕಾಯ್ದೆಯ 12ನೇ ಕಲಮನ್ನು ನಮ್ಮ ಪತ್ರಿಕೋದ್ಯಮದ ತರಗತಿಗಳಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿರುತ್ತೇವೆ. ಇನ್ನೊಮ್ಮೆ ನಿಧಾನವಾಗಿ ಓದಿ. ಜನರಿಗೆ ತಿಳಿಸುವುದು, ಕಲಿಸುವುದು, ರಂಜಿಸುವುದು ಮೊದಲ ಕರ್ತವ್ಯ. ಸಾರ್ವಜನಿಕ ಮಹತ್ವದ ಎಲ್ಲ ವಿಷಯಗಳನ್ನು ಮುಕ್ತವಾಗಿ, ಸತ್ಯವಾಗಿ, ವಸ್ತುನಿಷ್ಠವಾಗಿ ತಿಳಿಯುವ ನಾಗರಿಕರ ಹಕ್ಕನ್ನು ಕಾಪಾಡಬೇಕು. ಭಿನ್ನ ಅಭಿಪ್ರಾಯಗಳನ್ನೂ ಸೇರಿಸಿ ಸಮತೋಲನದಿಂದ ಕೊಡಬೇಕು, ತನ್ನದೇ ಸಿದ್ಧಾಂತವನ್ನು ಸಾರಬಾರದು. ಕೃಷಿ, ಗ್ರಾಮಾಭಿವೃದ್ಧಿ, ಸಾಕ್ಷರತೆ, ಆರೋಗ್ಯ, ಪರಿಸರಕ್ಕೆ ವಿಶೇಷ ಗಮನ ಕೊಡಬೇಕು. ಪ್ರದೇಶಗಳ ಭಾಷೆ, ಸಂಸ್ಕೃತಿಗಳಿಗೆ ಸಾಕಷ್ಟು ಜಾಗ ಇರಬೇಕು. ಅಸ್ಪೃಶ್ಯತೆಯ ವಿರುದ್ಧ ಕೆಲಸ ಮಾಡಬೇಕು. ಕಾರ್ಮಿಕರು, ಬುಡಕಟ್ಟಿನವರು, ಅಲ್ಪಸಂಖ್ಯಾತರು, ಮಕ್ಕಳು, ಅಂಧರು, ವೃದ್ಧರು, ಎಲ್ಲರ ಪಾಲೂ ಅಲ್ಲಿ ಬರೆದಿದೆ.

ಬಿಬಿಸಿಯವರಿಗೂ ಇಷ್ಟು ವಿವರವಾದ ಪಟ್ಟಿ ಮೊದಲ ಸನ್ನದಿನಲ್ಲಿ ಇರಲಿಲ್ಲ. ಉದ್ದೇಶದ ಮಟ್ಟಿಗೆ ನಮ್ಮದು ಬಡ ಸನ್ನದಲ್ಲ. ಕೊರತೆ ಇರುವುದು ಉಳಿದೆರಡು ಪ್ರಶ್ನೆಗಳಲ್ಲಿ. ರೇಡಿಯೊ ಲೈಸೆನ್ಸ್ ಶುಲ್ಕ 1980ರ ದಶಕದಲ್ಲಿ ರದ್ದಾಯಿತು. ಅಂಚೆ ಕಚೇರಿಯಲ್ಲಿ ಪುಟ್ಟ ಪುಸ್ತಕ ತೋರಿಸಿ ಶುಲ್ಕ ಕಟ್ಟಿದ್ದು ನಮ್ಮ ಹಿರಿಯರಿಗೆ ನೆನಪಿದೆ. ಅದು ಹೋದದ್ದು ಬಡವರಿಗೆ ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೆ ಕೇಳುಗನಿಗೂ ಕೇಂದ್ರಕ್ಕೂ ಇದ್ದ ನೇರ ಲೆಕ್ಕದ ನಂಟೂ ಹೋಯಿತು. ಈಗ ಸಂಬಳದ ದುಡ್ಡು ಕೇಂದ್ರ ಸರ್ಕಾರದ ಅನುದಾನದಿಂದ ಬರುತ್ತದೆ. ದುಡ್ಡು ಎಲ್ಲಿಂದ ಬರುತ್ತದೋ ಕಣ್ಣು ಅಲ್ಲಿಗೇ ಹೋಗುತ್ತದೆ.

ಉತ್ತರ ಕೊಡುವ ವಿಷಯಕ್ಕೆ ಬರೋಣ. ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಗಳಿಗೆ ಇದನ್ನು ಪ್ರಸಾರ ಮಾಡು, ಇದನ್ನು ಮಾಡಬೇಡ ಎಂದು ಸರ್ಕಾರ ನಿರ್ದೇಶನ ಕೊಡಬಹುದು ಎನ್ನುತ್ತದೆ 23ನೇ ಕಲಮು. ಅದರಲ್ಲೇ ಎರಡು ಕಾವಲು ಇವೆ. ಇದು ಸರ್ಕಾರದ ನಿರ್ದೇಶನದ ಮೇಲೆ ಮಾಡಿದ ಪ್ರಸಾರ ಎಂದು ನಿಗಮ ಬಯಸಿದರೆ ಕೇಳುಗರಿಗೆ ಹೇಳಬಹುದು. ಪ್ರತಿ ನಿರ್ದೇಶನದ ಪ್ರತಿಯನ್ನೂ ಸಂಸತ್ತಿನ ಮುಂದೆ ಇಡಬೇಕು. ಇದಲ್ಲದೆ ಸಂಸದರ ಸಮಿತಿಯೊಂದು, ಕೇಳುಗರ ದೂರು ಆಲಿಸಲು ಪ್ರಸಾರ ಮಂಡಳಿಯೊಂದು ಇರಬೇಕೆಂದೂ ಕಾಯ್ದೆ ಹೇಳುತ್ತದೆ. ಆ ಮಂಡಳಿಯ ಹೆಸರನ್ನಾದರೂ ಕೇಳಿದ ಒಬ್ಬ ರೇಡಿಯೊ ಕೇಳುಗ ನಿಮಗೆ ಸಿಕ್ಕಿದ್ದಾರೆಯೇ? ನನ್ನ ಓಡಾಟದ ತಾಲ್ಲೂಕುಗಳಲ್ಲಿ ನನಗೆ ಇನ್ನೂ ಸಿಕ್ಕಿಲ್ಲ.

ಬೂದಿಕೋಟೆಯ ತಂತಿ, ಸರಗೂರಿನ ದನಿ

ಇದೆಲ್ಲ ಹಳೆಯ ಕಾಗದ, ಈಗ ಮೊಬೈಲ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಬಾನುಲಿಯಲ್ಲಿ ಸುದ್ದಿ ಹೇಳುವ ಹಕ್ಕು ಇವತ್ತಿಗೂ ಆಕಾಶವಾಣಿಗೆ ಮಾತ್ರ. ನಗರದ ಖಾಸಗಿ ಎಫ್‌ಎಂ ಕೇಂದ್ರಗಳು ಹವಾಮಾನ, ಟ್ರಾಫಿಕ್, ಪರೀಕ್ಷಾ ಫಲಿತಾಂಶದಂಥದ್ದನ್ನು ಹೇಳಬಹುದು. ಸುದ್ದಿ ಎಂದರೆ ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದ ಹಾಗೆ ಮರುಪ್ರಸಾರ ಮಾಡಬೇಕು. ಹಳ್ಳಿಗಳ ಸಮುದಾಯ ಬಾನುಲಿಗೂ ತನ್ನದೇ ಸುದ್ದಿ ಹೇಳುವ ಅನುಮತಿ ಇಲ್ಲ. ಎಚ್.ಡಿ. ಕೋಟೆ ಕಡೆ ಸರಗೂರಿನ ‘ಜನಧ್ವನಿ’ ಕಾಡಂಚಿನ ಜನರ ಮಾತು, ಹಾಡು, ಆರೋಗ್ಯ, ಬೇಸಾಯ ಎಲ್ಲವನ್ನೂ ಕೇಳಿಸಬಲ್ಲದು. ಹಾಡಿಗೆ ಆನೆ ನುಗ್ಗಿ ಏನಾಯಿತು, ಪರಿಹಾರದ ಕಡತ ಯಾವ ಮೇಜಿನಲ್ಲಿ ನಿಂತಿದೆ ಎಂಬುದನ್ನು ತಾನೇ ವರದಿ ಮಾಡಿ ಸುದ್ದಿಯಾಗಿ ಓದುವಂತಿಲ್ಲ.

ಇದಕ್ಕೂ ಮೊದಲು ಹಳ್ಳಿಗೆ ಬಾನುಲಿಯೇ ಇರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2001ರ ಹೊತ್ತಿಗೆ ‘ನಮ್ಮ ಧ್ವನಿ’ ಶುರುವಾದಾಗ ಗ್ರಾಮಸ್ಥರಿಗೆ ಗಾಳಿಯಲ್ಲಿ ಪ್ರಸಾರ ಮಾಡುವ ಲೈಸೆನ್ಸ್ ಸಿಗುವಂತಿರಲಿಲ್ಲ. ಕಾರ್ಯಕ್ರಮ ಮಾಡಿ ಕೇಬಲ್ ತಂತಿಯಲ್ಲಿ ಮನೆ ಮನೆಗೆ ಕಳಿಸಿದರು. ಸರ್ಕಾರೇತರ ಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸಲು ಅವಕಾಶ ಸಿಕ್ಕಿದ್ದು 2006ರಲ್ಲಿ. ಸ್ವಲ್ಪ ಲೆಕ್ಕ ಹಾಕಿ. ರಾಜರ ಕಾಲದ ಮೈಸೂರಿನಲ್ಲಿ 1935ರಲ್ಲಿ ಒಬ್ಬ ಮೇಷ್ಟ್ರು ಮನೆಯಿಂದ 30 ವ್ಯಾಟ್‌ನಲ್ಲಿ ಮಾಡಿದ್ದನ್ನು, ಅರವತ್ತಾರು ವರ್ಷದ ಮೇಲೆ ಗಣರಾಜ್ಯದ ಒಂದು ಹಳ್ಳಿ ಮಾಡಲಾಗಲಿಲ್ಲ.

ಹೀಗಿರುವಾಗ ರೇಡಿಯೊ ಕೇಳುವ ರೈತ, ಗಾರೆ ಕೆಲಸದ ಮೇಸ್ತ್ರಿ, ಬೀಡಿ ಕಟ್ಟುವ ಹೆಂಗಸರು, ಇವರೆಲ್ಲರಿಗೆ ಬಾನುಲಿಯ ಸುದ್ದಿ ಎಂದರೆ ಒಂದೇ ಬಾಗಿಲು. 31 ಜಿಲ್ಲೆಗಳನ್ನು ಕೆಲವೇ ನಿಮಿಷಗಳ ಪ್ರದೇಶ ಸಮಾಚಾರದಲ್ಲಿ ತುರುಕಬೇಕು. ಮಂತ್ರಿಗಳ ಕಾರ್ಯಕ್ರಮ ಆದ ಮೇಲೆ ಉಳಿದ ಜಾಗದಲ್ಲಿ ನಮ್ಮ ತಾಲ್ಲೂಕಿಗೆ ಸಿಗುವುದು ಎಷ್ಟು? ಸುದ್ದಿಗೆ ಇಷ್ಟು ಎಂದು ಎಣಿಸಿ ದುಡ್ಡು ಪಡೆಯುವ ನನ್ನಂಥ ಸ್ಟ್ರಿಂಗರ್‌ಗೆ ಇದು ಹೊಟ್ಟೆಯ ಪ್ರಶ್ನೆಯೂ ಹೌದು. ಪತ್ರಿಕೆ ತಲುಪದ ಹಾಡಿಗಳಿಗೆ, ನೆಟ್‌ವರ್ಕ್ ಸಿಗದ ಹೊಲಗಳಿಗೆ ರೇಡಿಯೊ ಈಗಲೂ ತಲುಪುತ್ತದೆ. ಅಲ್ಲಿಗೆ ತಲುಪುವ ಒಂದೇ ದನಿ ಯಾರ ದನಿ ಎಂಬುದು ಅಷ್ಟೇ ಮುಖ್ಯ.

ಆಕಾಶವಾಣಿಯಲ್ಲಿ ದುಡಿಯುವವರ ಮೇಲೆ ಇದು ದೂರಲ್ಲ. ಬೆಳಗಿನ ಚಿಂತನ, ಕೃಷಿರಂಗ, ನಾಟಕ, ಸಂಗೀತ, ಇವುಗಳಲ್ಲಿ 12ನೇ ಕಲಮಿನ ಎಷ್ಟೋ ಸಾಲುಗಳನ್ನು ಅವರು ಸದ್ದಿಲ್ಲದೆ ನಡೆಸಿಕೊಂಡು ಬಂದಿದ್ದಾರೆ. ಕೊರತೆ ನಮ್ಮ ಕಡೆಯೂ ಇದೆ. ಬಸ್ ಬಿಡಲಿಲ್ಲ ಎಂದು ಡಿಪೋಗೆ ಅರ್ಜಿ ಕೊಡುತ್ತೇವೆ, ಪಡಿತರ ಬರಲಿಲ್ಲ ಎಂದು ತಹಶೀಲ್ದಾರರ ಮುಂದೆ ಕೂರುತ್ತೇವೆ. ಬಾನುಲಿಯಲ್ಲಿ ನಮ್ಮ ಪಾಲು ಬರಲಿಲ್ಲ ಎಂದು ಯಾರೂ ಒಂದು ಕಾರ್ಡು ಬರೆಯುವುದಿಲ್ಲ, ಏಕೆಂದರೆ ಅದು ನಮ್ಮ ಪಾಲು ಎಂದು ಯಾರೂ ನಮಗೆ ಹೇಳಿಲ್ಲ.

ಆದ್ದರಿಂದ ಈ ಬ್ಲಾಗಿನ ಗೆಳೆಯರಿಗೆ ಒಂದು ಕೆಲಸ. ಪ್ರಸಾರ ಭಾರತಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಲ್ಲಿರುವ ಸಂಸ್ಥೆ. ಅರ್ಜಿಯ ಶುಲ್ಕ 10 ರೂಪಾಯಿ, ಅಂದಿನ ರೇಡಿಯೊ ಲೈಸೆನ್ಸಿನಷ್ಟೇ. ನಿಮ್ಮ ಜಿಲ್ಲೆಯ ಕೇಂದ್ರದಲ್ಲಿ ಸ್ಥಳೀಯವಾಗಿ ತಯಾರಾಗುವ ಕಾರ್ಯಕ್ರಮ ದಿನಕ್ಕೆ ಎಷ್ಟು ಗಂಟೆ, ಹತ್ತು ವರ್ಷದ ಹಿಂದೆ ಎಷ್ಟಿತ್ತು, ಖಾಲಿ ಹುದ್ದೆಗಳೆಷ್ಟು, ಬುಡಕಟ್ಟಿನವರಿಗೆಂದು ಕಳೆದ ವರ್ಷ ಏನು ಪ್ರಸಾರವಾಯಿತು, ಇಷ್ಟನ್ನು ಕೇಳಿ. 12ನೇ ಕಲಮಿನ ಒಂದೊಂದು ಸಾಲಿನ ಎದುರಿಗೆ ಬಂದ ಉತ್ತರ ಬರೆಯುತ್ತಾ ಹೋಗಿ. ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿ, ಹೀಗೆ ಒಬ್ಬೊಬ್ಬರು ಒಂದೊಂದು ಕೇಂದ್ರ ಹಿಡಿದರೆ ಸಾಕು, ನಮ್ಮ ಸನ್ನದು ಎಷ್ಟು ನಡೆಯುತ್ತಿದೆ, ಎಷ್ಟು ನಿಂತಿದೆ ಎಂಬ ಪಟ್ಟಿ ಮೊದಲ ಬಾರಿಗೆ ಕನ್ನಡದಲ್ಲಿ ಸಿಗುತ್ತದೆ. ನಾನು ಮೈಸೂರಿನ ಅರ್ಜಿ ಬರೆಯುತ್ತೇನೆ.